ವಿಲ್ಫ್ ಆಡದ ಮಾತು

ಇಂಗ್ಲೆಂಡಿನ ನಮ್ಮೂರು ಹ್ಯಾಲಿಫ್ಯಾಕ್ಸಿನ ಹಳೇ ಮನೆಗಳಲ್ಲಿ ಅರ್ಧದಷ್ಟರ ಗೋಡೆಗೆ ಹೂವಿನ ಚಿತ್ತಾರದ ಕಾಗದ ಅಂಟಿಸಿದವರು ವಿಲ್ಫ್ ಗಾರ್ಸೈಡ್ ಮತ್ತು ಲೆನ್. ಒಬ್ಬ ಏಣಿ ಮೇಲೆ, ಇನ್ನೊಬ್ಬ ಕೆಳಗೆ. ಹತ್ತೊಂಬತ್ತು ವರ್ಷ ಒಂದೇ ಮನೆಯಲ್ಲಿದ್ದರು. ಕೇಳಿದವರಿಗೆ ‘ಚಿಕ್ಕಪ್ಪನ ಮಗ’ ಅನ್ನುತ್ತಿದ್ದರು. ಕೇಳಿದವರೂ ನಂಬಿದ ಹಾಗೆ ಇರುತ್ತಿದ್ದರು, ನನ್ನಮ್ಮನೂ ಸೇರಿ.

ಲೆನ್ ತೀರಿಕೊಂಡು ಇಪ್ಪತ್ತೈದು ವರ್ಷವಾದ ಮೇಲೆ, ನಾನು ಚಹಾ ಮಾರುವ ರಂಗಮಂದಿರಕ್ಕೆ ರೋರಿ ಅನ್ನುವ ನಾಟಕಕಾರ ಬಂದ. ಮೂವತ್ತರ ಆಸುಪಾಸು. ತಾನು ಸಲಿಂಗಿ ಅನ್ನುವುದನ್ನು ತನ್ನ ಹೆಸರು ಹೇಳಿದಷ್ಟೇ ಸಲೀಸಾಗಿ ಹೇಳುವವನು. ನಾಟಕ ಬರೆಯೋಕೆ ಊರಿನ ಹಿರಿಯ ಸಲಿಂಗಿಗಳ ಕಥೆ ಬೇಕು ಅಂದ. ವಿಲ್ಫ್‌ನ ಒಪ್ಪಿಗೆ ಕೇಳಿ ಅವನ ಮನೆ ತೋರಿಸಿದವಳು ನಾನೇ.

“ಅವನಿಗೇನು ಹೇಳ್ಲಿ ಮೊರೀನ್? ಅಂಟು ಕಲಸೋದಾ?” ಅಂದಿದ್ದ ವಿಲ್ಫ್. ಆದರೂ ನಾಲ್ಕು ಮಧ್ಯಾಹ್ನ ಕೂತು ಹೇಳಿದ. ಅಷ್ಟು ಹೊತ್ತು ಅವನ ಮಾತು ಕೇಳಲು ಎಷ್ಟೋ ವರ್ಷಗಳಿಂದ ಯಾರೂ ಬಂದಿರಲಿಲ್ಲ.

ರೋರಿ ಅದನ್ನೇ ನಾಟಕ ಮಾಡಿ ನಮ್ಮಲ್ಲೇ ಆಡಿಸಿದ. ಶನಿವಾರ ಮಧ್ಯಾಹ್ನದ ಆಟಕ್ಕೆ ವಿಲ್ಫ್ ಸೂಟು ಹಾಕಿಕೊಂಡು ಒಬ್ಬನೇ ಬಂದ. ನಾನು ಬಾಗಿಲ ಬಳಿ ನಿಂತು ನೋಡಿದೆ. ವಿರಾಮದವರೆಗೂ ಖುಷಿಯಾಗಿಯೇ ಇದ್ದ. “ನನ್ನ ಪಾತ್ರದೋನು ನೋಡೋಕೆ ಚೆನ್ನಾಗಿದಾನೆ, ಆದ್ರೆ ಬ್ರಷ್ ಹಿಡಿಯೋಕೇ ಬರಲ್ಲ” ಅಂತ ನಕ್ಕ.

ಆಮೇಲೆ ಲೆನ್ ಸಾಯುತ್ತಿರುವ ಆಸ್ಪತ್ರೆಯ ದೃಶ್ಯ ಬಂತು. ನರ್ಸ್ ಕೇಳಿದಳು: “ನೀವು ಇವರಿಗೆ ಏನಾಗ್ಬೇಕು?” ನಟ ಎದೆಯುಬ್ಬಿಸಿ ಕೂಗಿದ: “ಗಂಡ! ಕೇಳಿಸ್ತಾ? ನಾನವನ ಗಂಡ!” ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಎದ್ದವರ ನಡುವೆ ವಿಲ್ಫ್ ಕಾಣಿಸಲೇ ಇಲ್ಲ, ಕೂತೇ ಇದ್ದ.

ಆಟ ಮುಗಿದ ಮೇಲೆ ರೋರಿ ನನ್ನ ಚಹಾದ ಕಟ್ಟೆಯ ಹತ್ತಿರ ಅವನನ್ನು ಹುಡುಕಿಕೊಂಡು ಬಂದ. “ಹೇಗಿತ್ತು ವಿಲ್ಫ್?”

“ನಾನು ಹಾಗೆ ಅನ್ಲಿಲ್ಲವಲ್ಲಪ್ಪ.”

“ಗೊತ್ತು. ಆದ್ರೆ ನಾಟಕದಲ್ಲಿ ನಮ್ಮಂಥೋರು ಬಂದ್ರೆ ಒಂದೋ ನಗಿಸ್ಬೇಕು, ಇಲ್ಲ ಸಾಯ್ಬೇಕು. ನೋಡಿ ನೋಡಿ ಸಾಕಾಗಿದೆ. ಒಮ್ಮೆಯಾದ್ರೂ ಗೆಲ್ಲಲಿ ಅಂತ ಬರೆದೆ.”

“ಗೆದ್ದೋನು ನಿನ್ನ ನಟ. ಚಿಕ್ಕಪ್ಪನ ಮಗ ಅಂದೋನು ನಾನು. ಅಷ್ಟರಲ್ಲಿ ಲೆನ್‌ನ ಅಕ್ಕ ಬಂದ್ಳು. ‘ನಮಗೆ ಇಂಥ ಚಿಕ್ಕಪ್ಪನ ಮಗ ಯಾರೂ ಇಲ್ಲ’ ಅಂದ್ಳು. ನಾನು ಟೋಪಿ ತಗೊಂಡು ಹೊರಗೆ ಬಂದೆ. ಮರುದಿನ ಬೆಳಗ್ಗೆ ಲೆನ್ ಹೇಗಿದಾನೆ ಅಂತ ಆಸ್ಪತ್ರೆಗೆ ಫೋನ್ ಮಾಡಿದ್ರೆ, ಸಂಬಂಧಿಕರಿಗೆ ಮಾತ್ರ ಹೇಳ್ತೀವಿ ಅಂದ್ರು.” ವಿಲ್ಫ್ ಬಟ್ಟಲು ಕೆಳಗಿಟ್ಟ. “ಬಾಯಿ ಬಿಡದೆ ಹೊರಗೆ ಬಂದೋನು ನಿನ್ನ ನಾಟಕದಲ್ಲಿ ಎಲ್ಲಿ ನಿಲ್ಬೇಕು, ಹೇಳು?”

ರೋರಿ ಕೊನೆಯ ಮೂರು ಆಟಗಳಿಗೆ ಆ ದೃಶ್ಯ ತಿದ್ದಿದ. ತಾನೇ ವಿಲ್ಫ್‌ನ ಮನೆಗೆ ಹೋಗಿ ನೋಡಲು ಕರೆದ.

“ಅದನ್ನ ಆಸ್ಪತ್ರೆಯಲ್ಲೇ ಒಮ್ಮೆ ನೋಡಿದೀನಲ್ಲ, ಸಾಕು” ಅಂದನಂತೆ ವಿಲ್ಫ್.

ಅವನ ಬದಲಿಗೆ ನಾನು ನೋಡಿದೆ. ನಟ ‘ಚಿಕ್ಕಪ್ಪನ ಮಗ’ ಅಂದಾಗ ಅವನ ದನಿ ತಗ್ಗಿತ್ತು. ಅಕ್ಕ ಬಂದಳು. ಅವನು ಹೊರಗೆ ನಡೆದ. ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ಮರುದಿನ ಹೋಗಿ ವಿಲ್ಫ್‌ಗೆ ಎಲ್ಲ ಹೇಳಿದೆ. “ಮೂರನೇ ಸಾಲಲ್ಲಿ ಒಬ್ಬ ಯಜಮಾನ್ರು, ಆಟ ಮುಗಿದು ದೀಪ ಹಾಕಿದ್ರೂ ಏಳ್ಲೇ ಇಲ್ಲ ಕಣೋ. ಕೊನೆಗೆ ನಾನೇ ಹೋಗಿ ಅವರ ಕೋಟು ಎತ್ತಿ ಕೊಟ್ಟೆ.”

“ಯಾರವನು?”

“ಗೊತ್ತಿಲ್ಲ. ನಿನ್ನ ವಯಸ್ಸೇ ಇರ್ಬೇಕು.”

ವಿಲ್ಫ್ ಎದ್ದು ಕೆಟಲ್ ಒಲೆಗೆ ಇಟ್ಟ. ನನಗೆ ಬೆನ್ನು ಮಾಡಿಯೇ ಕೇಳಿದ: “ಒಬ್ಬನೇ ಬಂದಿದ್ನಾ?”

“ಹೌದು, ಒಬ್ಬರೇ.”

ನೀರು ಕುದಿಯುವವರೆಗೂ ಅವನು ಈ ಕಡೆ ತಿರುಗಲಿಲ್ಲ.