ಕರುವಿನ ಹುಳಕ್ಕೆ ಮಣ್ಣು ಹುಡುಕುತ್ತ ಮಿರಜ–ಸಾಂಗ್ಲಿಗೆ

ಬೆಳಗಿನ ಎಸ್‌ಟಿ ಬಸ್ಸು ನಮ್ಮೂರು ಸಲಗರೆಗೆ ಬರುವ ಹೊತ್ತಿಗೆ ಜಿಟಿಜಿಟಿ ಮಳೆ ಹಿಡಿದಿತ್ತು. ಮಿರಜಿಗೆ ಟಿಕೆಟ್ ತೆಗೆದು ಕಿಟಕಿಯ ಪಕ್ಕ ಕುಳಿತೆನಾದರೂ ದಾರಿಯ ಒಂದು ಊರೂ ಕಣ್ಣಿಗೆ ಬೀಳಲಿಲ್ಲ. ಕೊಟ್ಟಿಗೆಯಲ್ಲಿ ಮಲಗಿದ್ದ ಎಮ್ಮೆಕರುವೇ ಕಣ್ಣ ಮುಂದಿತ್ತು. ಎರಡು ತಿಂಗಳ ಹೆಣ್ಣುಗರು. ಹೊಟ್ಟೆ ಗಡಿಗೆಯಂತೆ ಉಬ್ಬಿ, ಕಾಲು ಕಡ್ಡಿಯಾಗಿ, ಹಿಂದಿನ ಸಂಜೆಯಿಂದ ಹಾಲನ್ನೂ ಬಿಟ್ಟಿತ್ತು. ಹೋದ ಮಳೆಗಾಲದಲ್ಲಿ ಇದರ ಅಕ್ಕ ಹೀಗೆಯೇ ಹೊಟ್ಟೆಯ ಹುಳದಿಂದ ಸತ್ತಿದ್ದಳು. ನಾನು ತಿರುಗಿ ಬರುವುದರೊಳಗೆ ಇದೂ ಹೋದರೆ ಎಂಬ ಹೆದರಿಕೆ ನನ್ನನ್ನು ಬಿಡಲಿಲ್ಲ.

ಊರಲ್ಲೇ ಔಷಧಿ ಸಿಗುತ್ತಿರಲಿಲ್ಲವೆಂದಲ್ಲ. ನಮ್ಮದು ಜೈನರ ಮನೆ, ಚಾತುರ್ಮಾಸ ನಡೆದಿತ್ತು. ಮಳೆಗಾಲದ ಆ ನಾಲ್ಕು ತಿಂಗಳು ಮನೆಯಲ್ಲಿ ಒಂದು ಹುಳವನ್ನೂ ಕೊಲ್ಲಬಾರದೆಂದು ಅವ್ವ ವ್ರತ ಹಿಡಿದಿದ್ದಳು. ಔಷಧಿಯ ಮಾತೆತ್ತಿದರೆ ಸಾಕು, "ವಿಷ ಈ ಹೊಸ್ತಿಲಾ ದಾಟಂಗಿಲ್ಲ" ಎನ್ನುತ್ತಿದ್ದಳು. ಸಹಕಾರಿ ಡೇರಿಯಲ್ಲಿ ಹಾಲು ಹಾಕಲು ಹೋದಾಗ ಯಾರೋ ಡಯಾಟಮ್ ಮಣ್ಣಿನ, ಎಂದರೆ ನೀರಿನ ತಳದಲ್ಲಿ ಕೂಡಿದ ಸಣ್ಣ ಪಾಚಿಯ ಚಿಪ್ಪಿನ ಪುಡಿಯ, ಸುದ್ದಿ ತೆಗೆದರು. ಮೇವಿನಲ್ಲಿ ಒಂದಿಷ್ಟು ಬೆರೆಸಿದರೆ ಹುಳ ತಾವಾಗಿಯೇ ಹೊರಗೆ ಬೀಳುತ್ತವಂತೆ. ಮನೆಗೆ ಬಂದು ಹೇಳಿದಾಗ ಅವ್ವನ ಮುಖ ಅರಳಿತು. "ಮಣ್ಣಂದ್ರ ನಡೀತೈತಿ. ನಾಳೇನ ಹೋಗಿ ತಗೊಂಬಾ" ಎಂದಳು.

ಮಿರಜ ಸ್ಟ್ಯಾಂಡಿನಲ್ಲಿ ಚಹ ಕುಡಿದು ಕುಪವಾಡಕ್ಕೆ ಹೊರಟೆ. ವಡಾಪಿನ, ಎಂದರೆ ಖಾಸಗಿ ಬಾಡಿಗೆಯ ಜೀಪು; ಕೂಡಬೇಕಾದವರ ಎರಡು ಪಟ್ಟು ಜನರನ್ನು ತುಂಬಿಕೊಂಡ ಮೇಲೆಯೇ ಡ್ರೈವರ್ ಕೀಲಿ ತಿರುವಿದ. ಕುಪವಾಡದ ಎಣ್ಣೆ ಕಾರಖಾನೆಯಲ್ಲಿ ನಮ್ಮ ಕಾಕಾನ ಮಗ ಸುಕುಮಾರನಿಗೆ ಕೆಲಸ. ಎಣ್ಣೆ ಸೋಸಲು ಅಲ್ಲಿ ಇದೇ ಮಣ್ಣನ್ನು ಬಳಸುತ್ತಾರೆಂದು ಕೇಳಿದ್ದೆ. ಗೇಟಿನ ಹೊರಗೇ ಅವನು ಒಂದು ಸಣ್ಣ ಚೀಲ ತಂದು ಕೈಗಿಟ್ಟ.

"ನೋಡ ಅಣ್ಣಾ, ಹಾಲಿನಂಗ ಬಿಳೇದೈತಿ. ಏಕದಮ್ ಶುದ್ಧ!"

ನಿಜಕ್ಕೂ ಹಾಲಿನಂತಿತ್ತು. ಬಂದ ಕೆಲಸ ಇಷ್ಟು ಬೇಗ ಮುಗಿಯಿತೇ ಎಂದು ಹಿಗ್ಗಿದೆ. ಆದರೆ ನಾನು ಹಗ್ಗ ಕಂಡರೂ ಹಾವೆನ್ನುವವನು. ತಿರುಗಿ ಹೊರಟ ಜೀಪಿನಲ್ಲಿ ತೊಡೆಯ ಮೇಲಿಟ್ಟ ಚೀಲ ಕುಲುಕಿದಾಗಲೆಲ್ಲ ಹೊಲಿಗೆಯಿಂದ ಹೊಗೆಯಂಥ ಧೂಳು ಎದ್ದು ಗಂಟಲು ಕೆರೆಯತೊಡಗಿತು. ಪಕ್ಕದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ನನ್ನನ್ನು ದುರುಗುಟ್ಟಿ ನೋಡಿದಳು. ಉಸಿರಾಡಲಿಕ್ಕೇ ಒದ್ದಾಡುತ್ತಿರುವ ಕರುವಿಗೆ ಇದನ್ನು ಹೇಗೆ ತಿನ್ನಿಸಲಿ? ಮಿರಜಿನವರೆಗೆ ಹೋಗದೆ ನಡುವೆಯೇ ಇಳಿದು ಸಾಂಗ್ಲಿಗೆ ಹೋಗಿ ದನದ ದವಾಖಾನೆಯ ಬೆಂಚಿನ ಮೇಲೆ ಕುಳಿತೆ. ಹೊಟ್ಟೆಗೆ ಭಡಂಗ ಕೊಂಡಿದ್ದೆ. ಆ ಖಾರದ ಮಂಡಕ್ಕಿಯ ಪೊಟ್ಟಣವನ್ನು ಬಿಚ್ಚದೆ ಪಕ್ಕಕ್ಕಿಟ್ಟೆ.

ಅಲ್ಲಿಯ ಡಾಕ್ಟರ್ ಬಾಯಿಯವರ ತವರು ಅಥಣಿಯ ಕಡೆ. ನನ್ನ ಮರಾಠಿ ಕೇಳಿ ಕನ್ನಡಕ್ಕೆ ತಿರುಗಿ, ಚೀಲ ನೋಡಿದರು.

"ಇದನ್ನ ಎಲ್ಲಿಂದ ತಂದ್ರಿ ಕಾಕಾ?"

"ಕಾರಖಾನಿಯಿಂದ್ರೀ. ಶುದ್ಧ ಐತಿ ಅಂದ್ರು."

"ಬೆಳ್ಳಗಿರೂದೆಲ್ಲಾ ಹಾಲಲ್ಲರೀ. ಇದು ಸೋಸೂ ಪುಡಿ, ಭಟ್ಟಿಯೊಳಗ ಸುಟ್ಟಿದ್ದು. ಸುಟ್ಟಾಗ ಇದರಾಗ ಗಾಜಿನಂಥಾ ಹರಳು ಆಗ್ತಾವ. ಧೂಳು ಎದಿಯೊಳಗ ಹೋದ್ರ ನಿಮಗೂ ಕೆಟ್ಟ, ಕರುವಿಗೂ ಕೆಟ್ಟ. ತಿನ್ನಿಸೂದಂತೂ ಬ್ಯಾಡೇ ಬ್ಯಾಡ."

ನಮ್ಮ ಕಡೆ ಬೆಲ್ಲ ಮಾಡುವವರು ಪೇಟೆಗೆ ಪೌಡರ್ ಹಾಕಿದ ಬಿಳಿ ಬೆಲ್ಲ ಕಳಿಸಿ, ಮನೆಗೆ ಕರಿ ಬೆಲ್ಲ ಇಟ್ಟುಕೊಳ್ಳುತ್ತಾರೆ. ಅದನ್ನು ಹುಟ್ಟಿದಾಗಿನಿಂದ ನೋಡಿಯೂ ಬಿಳುಪಿಗೆ ಮರುಳಾದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಬೇಕಾದದ್ದು ಸುಡದ ಮಣ್ಣು, ಸಿಹಿನೀರಿನ ಕೆರೆಗಳದ್ದು, ಬಣ್ಣ ತುಸು ಬೂದು. ಆದರೆ ಬಣ್ಣವೊಂದನ್ನೇ ನಂಬಬಾರದು, ಪಶು ಆಹಾರಕ್ಕೆಂದು ಚೀಲದ ಮೇಲೆ ಬರೆದಿರಲೇಬೇಕು, ಅದನ್ನೂ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಬಳಸಬೇಕು ಎಂದು ಅವರು ಬಿಡಿಸಿ ಹೇಳಿದರು. ಆಮೇಲೆ ಕರುವಿನ ಲಕ್ಷಣ ಕೇಳಿ ಅವರ ಮುಖ ಗಂಭೀರವಾಯಿತು.

"ಕಾಕಾ, ಖರೇ ಹೇಳ್ತೀನಿ. ಒಳ್ಳೇ ಮಣ್ಣು ಮೈಮ್ಯಾಲಿನ ಹೇನಿಗೆ ಸ್ವಲ್ಪ ಉಪಯೋಗ ಆದೀತು. ಹೊಟ್ಟ್ಯಾಗಿನ ಹುಳಕ್ಕ ಅದನ್ನ ನಂಬಿ ಕುಂತ್ರ ಕರು ಹೋಗ್ತೈತಿ. ಔಷಧಾ ಕೊಡ್ತೀನಿ, ಇವತ್ತ ಸಂಜೀಕ ಕುಡಸ್ರಿ."

ಅವ್ವನ ವ್ರತದ ಮಾತು ಹೇಳಿದೆ. ಅವರು ನಗಲಿಲ್ಲ. "ಮಣ್ಣೂ ಕೊಲ್ಲೂದ ರೀ. ಹೇನಿನ ಮೈ ಗೀರಿ ಒಣಗಿಸಿ ಕೊಲ್ತೈತಿ" ಎಂದಷ್ಟೇ ಹೇಳಿ ಬಾಟಲಿ ಕೊಟ್ಟರು. ಬಿಳಿ ಚೀಲ ಅವರಲ್ಲೇ ಉಳಿಯಿತು.

ಹೇನಿಗಾದರೂ ಆಗಲೆಂದು ಹುಡುಕಿದಾಗ ಪೇಟೆಯಲ್ಲಿ ಅವರು ಹೇಳಿದಂಥ ಬೂದು ಪುಡಿಯ ಒಂದು ಪೊಟ್ಟಣ ಸಿಕ್ಕಿತು. ಮಿರಜಿಗೆ ಬಂದರೆ ಬಸ್ಸು ತಡ. ಕಂಟ್ರೋಲರನನ್ನು ಕೇಳಿದಷ್ಟು ಸಲವೂ "ಯೇಈಲ, ಯೇಈಲ", ಬರುತ್ತೆ, ಬರುತ್ತೆ ಎಂಬ ಉತ್ತರ. ಬಸ್ಸು ಹತ್ತಿದ ಮೇಲೆ ಹೊಸ ಚಿಂತೆ ಹತ್ತಿತು. ಔಷಧಿಯನ್ನು ಮಣ್ಣಿನ ನೀರೆಂದು ಹೇಳಿ ಕುಡಿಸಿಬಿಡಲೇ? ಅವ್ವನಿಗೆ ಗೊತ್ತಾಗುವುದಿಲ್ಲ. ಆದರೆ ಗೊತ್ತಿಲ್ಲದೆ ಅವಳ ವ್ರತ ಮುರಿದವನು ನಾನಾಗುತ್ತೇನೆ. ಹೇಳಿದರೋ, ಅವಳು ಬೇಡವೆನ್ನುತ್ತಾಳೆ, ಕರು ಸಾಯುತ್ತದೆ. ಊರು ಹತ್ತಿರವಾದಷ್ಟೂ ಇಳಿಯುವುದೇ ಬೇಡವೆನ್ನಿಸಿತು.

ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ ಅವ್ವ ಕರುವಿನ ಹತ್ತಿರ ಕುಳಿತಿದ್ದಳು. ಕರು ಉಸಿರಾಡುತ್ತಿತ್ತು. ನನ್ನ ಕೈಯ ಬಾಟಲಿ ನೋಡಿದಳು.

"ಮಣ್ಣು ತರಲಿಲ್ಲೇನ?"

"ತಂದೇನಿ. ಅದು ಹೊಟ್ಟೀಗೆ ಸಾಲಂಗಿಲ್ಲಂತ. ಇದು ಔಷಧಾ."

"ಇದರಿಂದ ಹುಳಾ ಸಾಯ್ತಾವೇನು?"

ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. "ಸಾಯ್ತಾವ ಅವ್ವಾ. ಮಣ್ಣೂ ಹೇನಾ ಒಣಗಿಸಿ ಕೊಲ್ತೈತಂತ" ಎಂದೆ.

ಅವಳು ಕರುವಿನ ಬೆನ್ನು ಸವರಿದಳು. ಆಮೇಲೆ ಅದರ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ದವಡೆಯ ಸಂದಿಯಲ್ಲಿ ಹೆಬ್ಬೆರಳು ತೂರಿಸಿ ಬಾಯಿ ತೆರೆದಳು.

"ಹಾಕು."

"ನಿನ್ನ ವ್ರತ?"

"ವ್ರತಾ ಹಿಡದಾಕಿ ನಾನು. ಕರು ಹಿಡದಿಲ್ಲಲ್ಲ."

ಮರುದಿನ ಅವ್ವ ಸತ್ತ ಹುಳಗಳ ಪ್ರಾಯಶ್ಚಿತ್ತಕ್ಕೆಂದು ನೀರನ್ನೂ ಮುಟ್ಟದೆ ಉಪವಾಸ ಕುಳಿತಳು. ಕರು ಎದ್ದು, ತಡವರಿಸುತ್ತ ಹೋಗಿ ತಾಯಿಯ ಹಾಲಿಗೆ ಬಾಯಿ ಹಾಕಿತು.