ಅಪ್ಪನ ಅಂಗೈಗೆ ಮೂರು ಫ್ಲ್ಯಾಶ್

ಧಾರವಾಡದ ನಮ್ಮ ಸ್ಟುಡಿಯೋ ಅಪ್ಪ ಕಟ್ಟಿದ್ದು. ಈಗ ನಾನು ನಡೆಸುತ್ತೇನೆ. ಉಣಕಲ್‌ನ ಗಂಡನ ಮನೆಯಿಂದ ದಿನಾ ಬಸ್ಸು ಹಿಡಿದು ಬಂದು ಬಾಗಿಲು ತೆಗೆಯುತ್ತೇನೆ. ಆ ಕೋಣೆಯಲ್ಲಿ ಅಪ್ಪ ಜೀವಮಾನವೆಲ್ಲ ಹೇಳಿದ್ದು ಒಂದೇ ಮಾತು: "ಅಲಗ್ಯಾಡಬ್ಯಾಡ್ರಿ." ಮದುಮಕ್ಕಳಿಗೂ ಅದೇ, ಪರೀಕ್ಷೆಯ ಅರ್ಜಿಗೆ ಫೋಟೋ ತೆಗೆಸಲು ಬಂದ ಹುಡುಗರಿಗೂ ಅದೇ, ಪಿಂಚಣಿಯ ಅಜ್ಜಂದಿರಿಗೂ ಅದೇ. ಅವನ ದನಿಗೆ ಅಳುವ ಕೂಸು ಸಹ ಬಾಯಿ ಮುಚ್ಚುತ್ತಿತ್ತು. ಅಂಥವನ ಕೈಗೆ ನಡುಕ ಬಂತು.

ಮೊದಲು ಎಡಗೈಗೆ ಬಂತು, ಆಮೇಲೆ ಎರಡಕ್ಕೂ. ಡಾಕ್ಟರು ಕಂಪವಾತ ಎಂದರು, ಮಾತ್ರೆ ಬರೆದರು, ಪೂರ್ತಿ ವಾಸಿಯಾಗುವುದಲ್ಲ ಎಂದೂ ಹೇಳಿದರು. ಅಪ್ಪ ಕ್ಯಾಮೆರಾ ಕೆಳಗಿಟ್ಟ. ಅಂಗಿಯ ಗುಂಡಿಯನ್ನು ಅವ್ವ ಹಾಕತೊಡಗಿದಳು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎಂದು ಮಂದಿ ಸುಮ್ಮನೆ ಗಾದೆ ಹೇಳುತ್ತಾರೆ. ನಮ್ಮ ಮನೆಯಲ್ಲಿ ಅದು ಊಟಕ್ಕೊಮ್ಮೆ ಕಣ್ಣೆದುರೇ ನಡೆಯುತ್ತಿತ್ತು. ನನಗೆ ಅಳು ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ಊರಲ್ಲಿ ಬಾಯಿ ಮಾತಿನಲ್ಲೇ ಬದುಕುವವರು ಅಷ್ಟು ಮಂದಿ ಇದ್ದಾರೆ, ಈ ರೋಗಕ್ಕೆ ಫೋಟೋ ತೆಗೆಯುವವನ ಕೈಯೇ ಬೇಕಾಗಿತ್ತೇ ಎಂದು.

ನಾವು ಲಿಂಗಾಯತರು. ಅಪ್ಪ ದಿನಾ ಬೆಳಿಗ್ಗೆ ಮಿಂದು, ಕೊರಳಲ್ಲಿ ಕಟ್ಟಿಕೊಂಡ ಲಿಂಗವನ್ನು ಬಿಚ್ಚಿ, ಎಡ ಅಂಗೈಯಲ್ಲಿಟ್ಟು ಪೂಜೆ ಮಾಡುವವ. ಎಷ್ಟೇ ದೊಡ್ಡ ಮದುವೆಯ ಆರ್ಡರ್ ಇದ್ದರೂ ಅದು ತಪ್ಪುತ್ತಿರಲಿಲ್ಲ. ಒಂದು ಬೆಳಿಗ್ಗೆ ಅಂಗೈ ನಡುಗಿ ಲಿಂಗ ಜಾರಿತು. ಎದುರಿಗೆ ವಿಭೂತಿ ಹಿಡಿದು ಕೂತಿದ್ದ ಅವ್ವ ಸೆರಗು ಒಡ್ಡಿದ್ದರಿಂದ ನೆಲಕ್ಕೆ ಬೀಳಲಿಲ್ಲ. ಅಪ್ಪ ಅವತ್ತು ಊಟ ಮಾಡಲಿಲ್ಲ. ಮರುದಿನದಿಂದ ಅವ್ವ ಅವನ ಎದುರು ಕೂತು, ಎರಡೂ ಕೈಯಿಂದ ಅವನ ಮಣಿಕಟ್ಟನ್ನು ಕೆಳಗಿನಿಂದ ಹಿಡಿದುಕೊಳ್ಳತೊಡಗಿದಳು. ಅವನು ಬೇಡ ಎನ್ನಲಿಲ್ಲ. ಆದರೆ ಪೂಜೆ ಮುಗಿಯುವವರೆಗೂ ಅವಳ ಮುಖ ನೋಡುತ್ತಿರಲಿಲ್ಲ.

ಹೀಗೆ ಕೆಲವು ತಿಂಗಳು ಕಳೆದ ಮೇಲೆ ಅಪ್ಪ ನನ್ನನ್ನು ಕರೆದು ತನ್ನದೊಂದು ಫೋಟೋ ತೆಗೆಯಬೇಕು ಎಂದ. ರೋಗ ಬಂದಾಗಿನಿಂದ ಯಾರಿಗೂ ಫೋಟೋ ತೆಗೆಯಗೊಡದವನು. ಅಲುಗಿದ ಫೋಟೋ ಎಂದರೆ ಅವನಿಗೆ ಹರಿದ ಅಂಗಿ ಹಾಕಿಕೊಂಡು ಪೇಟೆಗೆ ಹೋದಷ್ಟು ನಾಚಿಕೆ. ತಾನೊಬ್ಬನೇ ಕೂತಿರಬೇಕು, ಅಂಗೈಯಲ್ಲಿ ಲಿಂಗ ಇರಬೇಕು, ಕೆಳಗೆ ಯಾರ ಕೈಯೂ ಇರಬಾರದು. ಲಿಂಗ ಮಂದಿಗೆ ತೋರಿಸುವುದಲ್ಲ ಎಂದು ಅವ್ವ ತಕರಾರು ತೆಗೆದಳು. ಅಪ್ಪ ನನ್ನ ಕಡೆ ತಿರುಗಿ ಹೇಳಿದ.

"ಮೊಮ್ಮಕ್ಕಳು ನಾ ನಡಗೂದನ್ನಷ್ಟ ನೋಡ್ಯಾವವಾ. ಗ್ವಾಡಿ ಮ್ಯಾಲಾದ್ರೂ ಸುಮ್ಮನ ಕುಂತಿರ್ತೀನಿ."

ಆ ಮಾತಿನ ಮೇಲೆ ನಾನು ಇಲ್ಲ ಎನ್ನುವುದು ಹೇಗೆ?

ಮೊದಲ ಸಲ ಸ್ಟ್ಯಾಂಡಿಗೆ ಒಂದೇ ಫ್ಲ್ಯಾಶ್ ಹಾಕಿ, ಅದರ ಬೆಳಕನ್ನು ಪೂರ್ತಿ ಏರಿಸಿ ತೆಗೆದೆ. ಅವ್ವ ಕೈಬಿಟ್ಟು ಪಕ್ಕಕ್ಕೆ ಸರಿದು, ಚೌಕಟ್ಟಿನ ಆಚೆ ಸೆರಗು ಹಿಡಿದು ಕೂತಿದ್ದಳು. ಮುಖ ಚಂದ ಬಂತು. ಬೆರಳ ಅಂಚೆಲ್ಲ ಮಸಕು, ಲಿಂಗದ ಸುತ್ತ ಇನ್ನೊಂದು ಲಿಂಗದ ನೆರಳು. ಅಪ್ಪ ಕನ್ನಡಕ ಏರಿಸಿ ನೋಡಿ, ಬೆರಳು ಎಂಟು ಇವೆಯಲ್ಲ, ಉಳಿದ ಮೂರು ಯಾರವು ಎಂದು ಕೇಳಿದ. ಫ್ಲ್ಯಾಶ್ ಹಳೆಯದು ಎಂದು ನಾನು ಗೊಣಗಿದೆ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ, ಎಂದ. ನಗುತ್ತಲೇ ಎಂದ, ಆದರೆ ಕ್ಯಾಮೆರಾ ನನಗೆ ತಿರುಗಿ ಕೊಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ.

ನೆಲ ನಿಜವಾಗಿಯೂ ಡೊಂಕಿತ್ತು. ಫ್ಲ್ಯಾಶ್ ಒಂದು ಚಿಟಿಕೆಯಲ್ಲಿ ಮುಗಿಯುತ್ತದೆ ಎಂದು ನಾವು ತಿಳಿಯುತ್ತೇವೆ. ಪೂರ್ತಿ ಏರಿಸಿದರೆ ಅದು ಕೊಂಚ ಹೆಚ್ಚು ಹೊತ್ತು ಉರಿಯುತ್ತದೆ. ಕಣ್ಣಿಗೆ ತಿಳಿಯದಷ್ಟು, ನಡುಗುವ ಬೆರಳು ಸರಿಯಲು ಸಾಕಾಗುವಷ್ಟು. ಸಣ್ಣದು ಮಾಡಿದರೆ ಬೇಗ ಆರುತ್ತದೆ, ಆದರೆ ಬೆಳಕು ಸಾಲದು. ಮೂರು ಮಂದಿಯ ಹೊರೆಯನ್ನು ಒಬ್ಬನ ತಲೆಯ ಮೇಲೆ ಹೇರಿದರೆ ಅವನು ಎಲ್ಲಿ ಓಡಿಯಾನು? ಮೂವರಿಗೂ ಹಂಚಬೇಕು, ಅಂದರೆ ಮೂರು ಫ್ಲ್ಯಾಶ್, ಮೂರೂ ಸಣ್ಣಗೆ. ಹಾಗೆಂದು ಮೂರು ಸ್ಟ್ಯಾಂಡ್ ಇಟ್ಟರೆ ಮೂರು ಕಡೆಯಿಂದ ಮೂರು ನೆರಳು, ಮೇಲಾಗಿ ನಮ್ಮ ದೇವರ ಖೋಲಿಯಲ್ಲಿ ಒಂದು ಸ್ಟ್ಯಾಂಡ್ ಇಟ್ಟರೇ ಮನುಷ್ಯರು ಅಡ್ಡಡ್ಡ ನಡೆಯಬೇಕು. ಮೂರೂ ಒಂದೇ ಕೋಲಿನ ಮೇಲೆ, ಬೆಳಕು ಹರಡುವ ಒಂದೇ ಬಿಳಿ ಕೊಡೆಯೊಳಗೆ, ಒಂದೇ ಬೆಳಕಿನ ಹಾಗೆ ಮಿಂಚಬೇಕು.

ಹುಬ್ಬಳ್ಳಿಯಲ್ಲಿ ಕಿಟಕಿಯ ಗ್ರಿಲ್ ಮಾಡುವವನೊಬ್ಬನಿಂದ ಕಬ್ಬಿಣದ ಪಟ್ಟಿಗೆ ತೂತು ಹಾಕಿಸಿ, ಮೂರು ಫ್ಲ್ಯಾಶ್ ಸಾಲಾಗಿ ಕೂರುವಂತೆ ಮಾಡಿಸಿದೆ. ತಲೆ ಭಾರವಾಗಿ ಸ್ಟ್ಯಾಂಡ್ ಮೊದಲ ದಿನವೇ ಮಗುಚಿತು, ನಾನು ಹಿಡಿದುಕೊಂಡೆ. ಅವ್ವ ಅಡಿಗೆಮನೆಯಿಂದ ಜೋಳದ ಚೀಲ ತಂದು ಅದರ ಕಾಲಿಗೆ ಕಟ್ಟಿದಳು. ಅಪ್ಪ ಅದನ್ನು ಮೇಲೆ ಕೆಳಗೆ ನೋಡಿ, ಇದ್ಯಾವ ಮೂರು ತಲೆಯ ದೇವರು ತಂದಿ, ಇದಕ್ಕೂ ಎಡೆ ಇಡಬೇಕೇನು ಎಂದ.

"ಮೂರ್ ಯಾಕವಾ?" ಎಂದು ಅವ್ವ ಕೇಳಿದಳು. ನನ್ನ ಕಸುಬಿನ ಬಗ್ಗೆ ಅವಳು ಏನಾದರೂ ಕೇಳಿದ್ದು ಅದೇ ಮೊದಲು.

"ಅಪ್ಪ ನಡಗೂದು ಕಾಣಬಾರದಂತ," ಎಂದೆ.

ಅವಳು ಜೋಳದ ಚೀಲದ ಗಂಟನ್ನು ಇನ್ನೊಮ್ಮೆ ಬಿಗಿದಳು.

ಹೊರಗಿನ ಬೆಳಕು ಸೇರಿದರೆ ಮತ್ತೆ ಮಸಕಾಗುತ್ತದೆ, ಅದಕ್ಕೆ ಕಿಟಕಿ ಬಾಗಿಲು ಹಾಕಿದೆ. ಅರೆಗತ್ತಲಲ್ಲಿ ಅಪ್ಪ ಅಂಗೈ ಎತ್ತಿ ಹಿಡಿದ. ಅವ್ವ ಕೈ ತೆಗೆದಳು. ಅವನ ಮಣಿಕಟ್ಟಿನ ರುದ್ರಾಕ್ಷಿ ಒಂದಕ್ಕೊಂದು ತಾಗಿ ಸಪ್ಪಳ ಮಾಡುತ್ತಿತ್ತು. ಆ ಸಪ್ಪಳ ಕೇಳುತ್ತ ಬಟನ್ ಒತ್ತುವುದು ನನಗೆ ಕಷ್ಟವಾಯಿತು. ಮೊದಲ ಸಲ ಮೂರರಲ್ಲಿ ಒಂದು ಹತ್ತಲಿಲ್ಲ. ಎರಡನೆಯ ಸಲ ಮೂರೂ ಒಟ್ಟಿಗೆ ಹತ್ತಿದವು.

ಫೋಟೋದಲ್ಲಿ ಅಪ್ಪ ಕಲ್ಲಿನಂತೆ ಕೂತಿದ್ದ. ಐದು ಬೆರಳು, ಉಗುರಿನ ಗೀಟು, ಅಂಗೈಯ ಗೆರೆ, ಅದರ ನಡುವೆ ಲಿಂಗ. ಅವನು ಬಹಳ ಹೊತ್ತು ನೋಡಿದ. "ಇದು ನನ್ನ ಕೈ," ಎಂದ. ನಡುಗುವ ಬೆರಳಿನಿಂದ ಫೋಟೋದ ಕೈಯನ್ನು ಮುಟ್ಟಲು ಹೋದ, ಆಗಲಿಲ್ಲ. ಆಮೇಲೆ, ಈ ಮೂರು ತಲೆಯದನ್ನು ಇಲ್ಲೇ ಬಿಟ್ಟು ಹೋಗು, ನಿಮ್ಮವ್ವನ ಜೋಡಿಯೂ ಒಂದು ತೆಗೆಸಿಕೊಳ್ಳುತ್ತೇನೆ ಎಂದು ಹಟ ಹಿಡಿದ. ಸ್ಟ್ಯಾಂಡ್ ಆ ಮನೆಯ ಮೂಲೆಯಲ್ಲೇ ಉಳಿಯಿತು.

ಅವ್ವ ಮಾತ್ರ ಫೋಟೋ ನೋಡಿ, ಚೆನ್ನಾಗಿ ಬಂದಿದೆ, ಒಳಗಿಡು ಎಂದು ಎದ್ದು ಹೋಗಿದ್ದಳು. ಗಂಡನ ಆಸೆಗೆ ಇಷ್ಟು ಮಾಡಿದರೂ ಈಕೆಗೆ ಸಮಾಧಾನವಿಲ್ಲ ಎಂದು ನನಗೆ ರೇಗಿತು. ಒಲೆಯ ಮುಂದೆ ಹೋಗಿ ಕೇಳಿದೆ. ಅವಳು ರೊಟ್ಟಿ ಬಡಿಯುತ್ತಲೇ ಹೇಳಿದಳು. ನಿದ್ದೆಯಲ್ಲಿ ಅಪ್ಪನ ಕೈ ನಡುಗುವುದು ನಿಲ್ಲುತ್ತದಂತೆ. ನಿಂತಾಗಲೆಲ್ಲ ಇವಳಿಗೆ ಎಚ್ಚರವಾಗುತ್ತದಂತೆ. ಎದ್ದು ಅವನ ಮೂಗಿನ ಕೆಳಗೆ ಬೆರಳಿಟ್ಟು ನೋಡಿ ಮತ್ತೆ ಮಲಗುತ್ತಾಳಂತೆ.

"ಅವರ ಕೈ ಸುಮ್ಮನಾದ್ರ ನನಗ ಜೀವ ಹಾರ್ತೈತಿ. ನೀ ಅದನ್ನ ಗ್ವಾಡಿಗೆ ಹಾಕ್ತೀನಿ ಅಂತಿ."

ಜೋಡಿ ಫೋಟೋದ ಮಾತು ಬಂದಾಗಲೆಲ್ಲ ಅವ್ವ ಏನಾದರೊಂದು ನೆವ ಹೇಳಿ ಜಾರಿಕೊಂಡಳು. ಸೀರೆ ಮಡಿಯಾಗಿಲ್ಲ, ಹಬ್ಬ ಮುಗಿಯಲಿ, ತಲೆನೋವು. ಅಪ್ಪ ಕೇಳಿ ಕೇಳಿ ಸುಮ್ಮನಾದ.

ಒಂದು ನಸುಕಿನಲ್ಲಿ ಅವ್ವನಿಗೆ ಎಂದಿನಂತೆ ಎಚ್ಚರವಾಯಿತು. ಎಂದಿನಂತೆ ಮೂಗಿನ ಕೆಳಗೆ ಬೆರಳಿಟ್ಟಳು. ಆಮೇಲೆ ನನಗೆ ಫೋನ್ ಮಾಡಿದಳು.

ನಾನು ಬಂದು ಮುಟ್ಟುವಷ್ಟರಲ್ಲಿ ಮನೆ ತುಂಬಿತ್ತು. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂಡಿಸುತ್ತೇವೆ. ಅಪ್ಪನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ, ತಲೆಗೆ ರುಮಾಲು, ಗದ್ದ ಬೀಳದಂತೆ ಬಿಳಿ ಬಟ್ಟೆ. ಎಡ ಅಂಗೈಯನ್ನು ಎದೆಯ ಮುಂದೆ ತಂದು ಲಿಂಗ ಇಟ್ಟಿದ್ದರು. ಒಂದು ಮೂಲೆಯಲ್ಲಿ ಭಜನೆ ನಡೆದಿತ್ತು. ಕೂಡಿಸಿದ ಮೇಲೆ ಮನೆಯವರೆಲ್ಲ ಸುತ್ತ ಕೂತು ಕೊನೆಯ ಫೋಟೋ ತೆಗೆಸುವುದು ನಮ್ಮ ಕಡೆಯ ಪದ್ಧತಿ. ಎಷ್ಟೋ ಮನೆಗಳಲ್ಲಿ ಅದನ್ನು ಅಪ್ಪ ತೆಗೆದಿದ್ದ, ಆಮೇಲೆ ನಾನು ತೆಗೆದಿದ್ದೆ. ಬೇರೆಯವರನ್ನು ಕರೆಸೋಣವೇ ಎಂದು ಕಾಕಾ ಮೆಲ್ಲಗೆ ಕೇಳಿದರು. ಅವನ ಫೋಟೋ ಇನ್ನೊಬ್ಬರು ಕೆಡಿಸುವುದು ಬೇಡ ಎಂದೆ.

ಮೂಲೆಯಿಂದ ಸ್ಟ್ಯಾಂಡ್ ಎಳೆದು ತಂದೆ. ಕಾಲಿಗೆ ಜೋಳದ ಚೀಲ ಇನ್ನೂ ಇತ್ತು. ತಲೆ ಕೆಲಸ ಮಾಡುತ್ತಿರಲಿಲ್ಲ, ಕೈ ರೂಢಿಯ ಪ್ರಕಾರ ಮೂರಕ್ಕೂ ಸೆಲ್ ಹಾಕಿ ಒಂದೊಂದಾಗಿ ಚಾಲೂ ಮಾಡತೊಡಗಿತು. ಅವ್ವ ಅಪ್ಪನ ಪಕ್ಕ ಬಂದು ಕೂತಳು. ಅವಳು ನನ್ನನ್ನೇ ನೋಡುತ್ತಿದ್ದಳು.

"ಎರಡ್ ಬಿಚ್ಚಿಬಿಡವಾ," ಎಂದಳು. "ಇನ್ನ ಅಲಗ್ಯಾಡೂದಿಲ್ಲ ಅವರು."

ಭಜನೆಯವರು ಹಾಡುತ್ತಲೇ ಇದ್ದರು. ನಾನು ಎರಡು ಫ್ಲ್ಯಾಶ್ ಬಿಚ್ಚಿ ಚೀಲಕ್ಕೆ ಹಾಕಿದೆ. ಕ್ಯಾಮೆರಾ ಕಣ್ಣಿಗೆ ಹಿಡಿದಾಗ ಕಂಡಿತು: ಅವ್ವ ಎರಡೂ ಕೈಯಿಂದ ಅಪ್ಪನ ಮಣಿಕಟ್ಟನ್ನು ಕೆಳಗಿನಿಂದ ಹಿಡಿದುಕೊಂಡಿದ್ದಳು. ಕೈ ತೆಗೆ ಎಂದು ನಾನು ಹೇಳಲಿಲ್ಲ. ಒಂದೇ ಫ್ಲ್ಯಾಶ್ ಸಾಕಾಯಿತು.