ಆಕೆಯ ಕೈಗೇ ಕೊಡಬೇಕು

ನಮ್ಮ ಸಂಘದ ಹೆಂಗಸರು ಹೆರಿಗೆಗೆಂದೇ ಬೇರೆ ದುಡ್ಡು ಕೂಡಿಡಲು ಶುರು ಮಾಡಿದಾಗ ಊರ ಗಂಡಸರು ನಕ್ಕರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಮಂದಿ ಎಂದರು. ನಕ್ಕವರನ್ನು ಸುಮ್ಮನೆ ಬಿಡುವ ಸ್ವಭಾವ ನನ್ನದಲ್ಲ. ಕುಲಾವಿ ಹೊಲಿಸದೆ ಕೂತಿದ್ದವರು ಬೇನೆ ಶುರುವಾದ ಮೇಲೆ ಯಾರ ಯಾರ ಬಾಗಿಲಿಗೆ ಬಂದು ನಿಂತಿದ್ದರು ಎಂಬುದನ್ನು ಚಾವಡಿಯ ಮುಂದೆಯೇ ಒಬ್ಬೊಬ್ಬರಿಗೆ ನೆನಪು ಮಾಡಿಕೊಟ್ಟೆ. ನಾನು ಅಂಗನವಾಡಿ ನಡೆಸಿದವಳು. ಊರಿನ ಅರ್ಧ ಮಂದಿಯ ಮೂಗು ಒರೆಸಿದ ಕೈ ಇದು. ಕಲಿಸಿದ ಹೆಂಗಸನ್ನು ನಮ್ಮ ಕಡೆ ‘ಅಕ್ಕೋರು’ ಅನ್ನುತ್ತಾರೆ; ಅಕ್ಕೋರು ಬೈದರೆ ಯಾರೂ ತಿರುಗಿ ಬೈಯುವುದಿಲ್ಲ. ಯಾರಾದರೂ ತಿರುಗಿ ಬೈದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಬೈಲಹೊಂಗಲದಿಂದ ಸಂಗೊಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ವಾರಕ್ಕೊಮ್ಮೆ ಎಲ್ಲರೂ ಇಷ್ಟಿಷ್ಟು ಹಾಕುವುದು, ಬಸುರಿಯಾದವಳಿಗೆ ಅದರಿಂದ ಒಂದು ಗಂಟು ಕೊಡುವುದು. ಲೆಕ್ಕ ಸರಳವಾಗಿತ್ತು. ಆದರೆ ಮೊದಲನೇ ವರ್ಷವೇ ಒಂದು ಅನಾಹುತ ಆಯಿತು. ಒಬ್ಬಾಕೆಯ ಗಂಡ ಬಂದು ಕೇಳಿದನೆಂದು ಅವನ ಕೈಗೆ ಕೊಟ್ಟೆವು. ಅವನು ಅದನ್ನು ಎಮ್ಮೆ ಖರೀದಿಗೆ ಮುಂಗಡ ಕೊಟ್ಟುಬಿಟ್ಟ. ಆಕೆ ದವಾಖಾನೆಯ ಮುಖ ನೋಡದೆ ಟಂಟಂ ಗಾಡಿಯಲ್ಲೇ ಹೆತ್ತಳು. ಅವತ್ತೇ ನಾನು ಎರಡು ನಿಯಮ ಮಾಡಿದೆ. ಒಂಬತ್ತನೇ ತಿಂಗಳಿಗಿಂತ ಮುಂಚೆ ಹಣ ಕೊಡಬಾರದು, ಕೊಟ್ಟರೆ ಮನೆಖರ್ಚಿಗೆ ಕರಗಿಹೋಗುತ್ತದೆ. ಕೊಡುವಾಗ ಬಸುರಿಯ ಕೈಗೇ ಕೊಡಬೇಕು. ಗಂಡನ ಕೈಗಲ್ಲ, ಅತ್ತೆಯ ಕೈಗಲ್ಲ. ಎಲ್ಲರೂ ಹೂಂ ಎಂದರು. ಆಮೇಲೆ ಎರಡು ವರ್ಷ ಎಲ್ಲವೂ ಸುಸೂತ್ರ ನಡೆಯಿತು, ನನಗೂ ಸ್ವಲ್ಪ ಕೊಂಬು ಬಂತು.

ಹಣದ ಪೆಟ್ಟಿಗೆ ಬಳೆ ಮಾರುವ ನನ್ನ ಗೆಳತಿಯ ಹತ್ತಿರ, ಕೀಲಿಕೈ ನನ್ನ ಹತ್ತಿರ. ಹಾಗಾಗಿ ಇಬ್ಬರೂ ಕೂಡದೆ ಪೆಟ್ಟಿಗೆ ತೆರೆಯುವಂತಿರಲಿಲ್ಲ.

ಆ ಹೊತ್ತಿಗೆ ಸಂಘದ ಒಬ್ಬ ಹುಡುಗಿ ಬಸುರಿಯಾದಳು. ನಮ್ಮೂರಿಗೆ ಸೊಸೆಯಾಗಿ ಬಂದವಳು, ರಾಮದುರ್ಗದ ಕಡೆಯವಳು. ಮದುವೆಯಾಗಿ ಬಂದ ಎರಡನೇ ತಿಂಗಳಿಗೇ ಸಂಘಕ್ಕೆ ಸೇರಿದ್ದಳು, ಒಂದು ವಾರವೂ ತಪ್ಪಿಸಿದವಳಲ್ಲ. ಏಳನೇ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಿದೆವು. ಗೆಳತಿಯೇ ಹಸಿರು ಬಳೆ ಇಟ್ಟಳು, ನಾನು ಉಡಿ ತುಂಬಿದೆ. ಮರುದಿನ ಅವಳ ಅಣ್ಣ ಬಂದು ಚೊಚ್ಚಲ ಹೆರಿಗೆಗೆ ತವರಿಗೆ ಕರೆದುಕೊಂಡು ಹೋದ.

ಅದಾಗಿ ತಿಂಗಳಾಗಿರಬೇಕು. ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಅವಳ ಗಂಡ ಅಂಗಳಕ್ಕೆ ಬಂದು ನಿಂತ. ಟ್ರ್ಯಾಕ್ಟರ್ ಹೊಡೆಯುವವನು. ಮಾತು ಕಡಿಮೆ. ಮೋಟರ್‌ಸೈಕಲ್ ಬಂದ್ ಕೂಡ ಮಾಡಿರಲಿಲ್ಲ.

“ಅಕ್ಕೋರ, ಆಕಿಗೆ ಬ್ಯಾನಿ ಚಾಲೂ ಆಗ್ಯಾವಂತ್ರಿ. ಇನ್ನಾ ತಿಂಗಳ ತುಂಬಿಲ್ಲ, ಕೂಸಿನ್ನ ಬೆಚ್ಚಗಿಡಾಕ ಕಾಚಿನ ಪೆಟಗಿ ಬೇಕಾಗತೈತಿ, ದೊಡ್ಡ ದವಾಖಾನಿಗೆ ಒಯ್ಯಿರಿ ಅಂದಾರಂತ. ಸಂಘದ ರೊಕ್ಕ ಬೇಕಾಗಿತ್ರಿ.”

ನಾನು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, “ಆಕಿ ಕೈಗೇ ಕೊಡಬೇಕಪಾ. ನಿಮ್ಮ ಮನಿಯಾಕಿನೂ ಒಪ್ಪಿಕೊಂಡ ರೂಲ್ಸ್ ಅದು,” ಎಂದೆ.

“ಆಕಿ ಅಲ್ಲಿ ರಾಮದುರ್ಗದಾಗ ಅದಾಳ್ರಿ.”

“ನಾ ತಗೊಂಡ ಬರತೇನಿ. ನೀ ಮುಂದ ನಡಿ.”

ಅವನು ಗಾಡಿ ತಿರುಗಿಸಿದ. “ಹಂಗಾದ್ರ ಅಕ್ಕೋರು ಬರಾಕ ಹತ್ತ್ಯಾರ ಅಂತ ಹೇಳತೇನ್ರಿ,” ಎಂದಷ್ಟೇ ಹೇಳಿ ಹೋದ.

ಆಮೇಲೆ ನೆನಪಾಯಿತು, ಗೆಳತಿ ಊರಲ್ಲಿಲ್ಲ, ಕಿತ್ತೂರಿನ ಮಗಳ ಮನೆಗೆ ಹೋಗಿದ್ದಾಳೆ. ಫೋನ್ ಮಾಡಿದೆ. ಪೆಟ್ಟಿಗೆ ಅವಳ ಜೊತೆಗೇ ಇತ್ತು. ಬೀಗ ಹಾಕಿದ ಮನೆಯಲ್ಲಿ ಅದನ್ನು ಬಿಟ್ಟು ಹೋಗುವವಳೇ ಅಲ್ಲ ಅವಳು, ಬಳೆಬುಟ್ಟಿಯ ತಳದಲ್ಲಿಟ್ಟುಕೊಂಡು ಊರೂರು ತಿರುಗುತ್ತಾಳೆ. ವಿಷಯ ಕೇಳಿದ್ದೇ ಒಂದು ದಾರಿ ಹೇಳಿದಳು. “ಅಕ್ಕೋರ, ನಮ್ಮ ಅಳಿಯನ ಫೋನಿನಿಂದ ಈಗಿಂದೀಗ ಆಕಿ ಗಂಡಗ ಹಾಕಿಬಿಡೂಣು. ಆಮ್ಯಾಲ ಪೆಟಗಿಯಾಗಿಂದ ಅಳಿಯಗ ಕೊಟ್ಟರಾತು.”

ಇದು ನಡೆದದ್ದು ಬೆಳಗಿನ ಏಳು ಗಂಟೆಗೆ. ಐದು ನಿಮಿಷದ ಕೆಲಸ. ನಾನು ಬೇಡ ಎಂದೆ.

“ಅವನ ಫೋನಿಗೆ ಹಾಕಿದ್ರ ಅವನ ಕೈಗೆ ಕೊಟ್ಟಂಗ. ನಾಳೆ ಮತ್ತೊಬ್ಬ ಬಂದು ನನಗ್ಯಾಕ ಕೊಡಂಗಿಲ್ಲ ಅಂತ ಕೇಳಿದ್ರ?”

“ಬ್ಯಾನಿಗೆ ನಿಮ್ಮ ರೂಲ್ಸ್ ಗೊತ್ತೈತೇನ್ರಿ?” ಎಂದಳು ಗೆಳತಿ. ಪೆಟ್ಟಿಗೆ ತೆಗೆದುಕೊಂಡು ಬೈಲಹೊಂಗಲಕ್ಕೆ ಬಾ ಎಂದು ಹೇಳಿ ನಾನು ಸಿಟ್ಟಿನಿಂದ ಫೋನ್ ಇಟ್ಟೆ. ಅವಳು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಸಿಟ್ಟು ಬಂತು.

ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಅವಳಿಗಾಗಿ ಕಾದೆ. ಒಂದು ಕಡೆ ಕೂತರೆ ಕಾಲು ನಿಲ್ಲುತ್ತಿರಲಿಲ್ಲ, ಎದ್ದರೆ ಎಲ್ಲಿಗೆ ಹೋಗಬೇಕೋ ತಿಳಿಯುತ್ತಿರಲಿಲ್ಲ. ಕಿತ್ತೂರಿನಿಂದ ಬಂದ ಪ್ರತಿ ಬಸ್ಸಿನ ಬಾಗಿಲಿಗೂ ಹೋಗಿ ಇಣುಕಿದೆ. ಅವಳು ಇಳಿದಾಗ ಒಂಬತ್ತೂವರೆ ದಾಟಿತ್ತು. ಬೆಂಚಿನ ಮೇಲೆ ಕೂತು, ಅವಳ ಸೆರಗಿನ ಮರೆಯಲ್ಲಿ ಪೆಟ್ಟಿಗೆ ತೆರೆದೆವು. ಎದುರಿಗಿದ್ದ ಕಡಲೆಕಾಯಿ ಮಾರುವವನು ನಮ್ಮಿಬ್ಬರನ್ನೂ ಕಳ್ಳಿಯರಂತೆ ನೋಡುತ್ತಿದ್ದ. ಗೆಳತಿ ಎರಡು ಸಲ ಎಣಿಸಿ ಗಂಟನ್ನು ನನ್ನ ಕೈಗಿಟ್ಟಳು.

ಸವದತ್ತಿ ಬಸ್ಸು ಹತ್ತಿದೆ. ಆಧಾರ್ ತೋರಿಸಿದರೆ ಹೆಂಗಸರಿಗೆ ಟಿಕೇಟಿನ ದುಡ್ಡಿಲ್ಲ, ಹಾಗಾಗಿ ನಿಲ್ಲಲೂ ಜಾಗವಿಲ್ಲ. ಚೀಲವನ್ನು ಎದೆಗವಚಿಕೊಂಡು ಕಂಬ ಹಿಡಿದು ನಿಂತೆ. ಅವಳ ಗಂಡನಿಗೆ ಫೋನ್ ಹಚ್ಚಿದರೆ ವ್ಯಾಪ್ತಿ ಪ್ರದೇಶದ ಹೊರಗೆ. ಮುನವಳ್ಳಿಯಲ್ಲಿ ಒಮ್ಮೆ ರಿಂಗಾಯಿತು, ಎತ್ತಲಿಲ್ಲ. ಯಾವಾಗ ಮುಟ್ಟುತ್ತದೆ ಎಂದು ಕಂಡಕ್ಟರನನ್ನು ಮೂರನೇ ಸಲ ಕೇಳಿದಾಗ ಅವನು, “ಅವ್ವಾರ, ನೀವು ಇಳದು ಹಿಂದಿಂದ ದಬ್ಬಿದ್ರ ಹತ್ತ ನಿಮಿಷ ಲಗೂ ಮುಟ್ಟತೈತಿ ನೋಡ್ರಿ,” ಎಂದ. ಬಸ್ಸಿಡೀ ನಕ್ಕಿತು. ಬೇರೆ ದಿನವಾಗಿದ್ದರೆ ಅವನಿಗೆ ಸರಿಯಾಗಿ ತಿರುಗಿಸಿ ಕೊಡುತ್ತಿದ್ದೆ.

ಸವದತ್ತಿಯಲ್ಲಿ ದೇವಿಯ ಗುಡ್ಡಕ್ಕೆ ಹೋಗುವ ಭಕ್ತರ ಗದ್ದಲ. ರಾಮದುರ್ಗದ ಬಸ್ಸು ಈಗ ಬರುತ್ತದೆ, ಈಗ ಬರುತ್ತದೆ ಎನ್ನುತ್ತಲೇ ಮುಕ್ಕಾಲು ತಾಸು ಹೋಯಿತು. ಚಹಾ ತೆಗೆದುಕೊಂಡೆ, ಎರಡು ಗುಟುಕಿಗೇ ಚೆಲ್ಲಿದೆ. ಕಡೆಗೂ ಬಸ್ಸು ಸಿಕ್ಕಿತು, ಕಿಟಕಿಯ ಹತ್ತಿರ ಸೀಟೂ ಸಿಕ್ಕಿತು. ಹೂಲಿಯ ಕಡೆಯ ಕರಿಹೊಲಗಳನ್ನು ನೋಡುತ್ತಾ, ಮಾಡಲು ಬೇರೆ ಕೆಲಸವಿಲ್ಲದೆ, ಬೆರಳಿನ ಗೆಣ್ಣುಗಳ ಮೇಲೆ ಅವಳ ತಿಂಗಳು ಎಣಿಸಿದೆ. ಆಗ ತಿಳಿಯಿತು.

ಚೊಚ್ಚಲ ಬಸುರಿ ಏಳನೇ ತಿಂಗಳಿಗೆ ತವರಿಗೆ ಹೋಗುತ್ತಾಳೆ. ಹೋದವಳು ಕೂಸನ್ನು ಎತ್ತಿಕೊಂಡೇ ತಿರುಗಿ ಬರುವುದು. ಹಾಗಿದ್ದ ಮೇಲೆ ಒಂಬತ್ತನೇ ತಿಂಗಳಲ್ಲಿ ಅವಳ ಕೈಗೇ ಹಣ ಕೊಡುವುದು ಹೇಗೆ? ಅಲ್ಲಿಯವರೆಗೆ ನಮ್ಮಿಂದ ಹಣ ಪಡೆದವರೆಲ್ಲ ಎರಡನೆಯದೋ ಮೂರನೆಯದೋ ಹೆತ್ತವರು, ಊರಲ್ಲೇ ಇದ್ದವರು. ಈ ಹುಡುಗಿಯೇ ಮೊದಲ ಚೊಚ್ಚಲು. ಇಪ್ಪತ್ತು ಹೆಂಗಸರು, ಎಲ್ಲರೂ ಒಂದು ಕಾಲಕ್ಕೆ ಹಸಿರು ಸೀರೆ ಉಟ್ಟು ತವರಿನ ಗಾಡಿ ಹತ್ತಿದವರೇ. ಒಬ್ಬಳಿಗೂ ಹೊಳೆಯಲಿಲ್ಲ. ನಾನಂತೂ ನನ್ನ ಕೈಯಾರೆ ಅವಳ ಉಡಿಗೆ ಅಕ್ಕಿ, ಕೊಬ್ಬರಿ, ಅರಿಸಿನ ಹಾಕಿ, ಸಂಘದ ಹಣವನ್ನು ಮಾತ್ರ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೆ. ಈಗ ಕುಬಸದ ದಿನವೇ ಅದನ್ನೂ ಉಡಿಯಲ್ಲಿ ಹಾಕುತ್ತೇವೆ. ಆ ಬುದ್ಧಿ ಬರಲು ನನಗೆ ಆ ಬಸ್ಸು ಬೇಕಾಯಿತು. ಕಿಟಕಿಯ ಸರಳು ಹಿಡಿದು, ದೇವರೇ, ಅವರಾಗಲೇ ಯಾರ ಹತ್ತಿರವಾದರೂ ಸಾಲ ಮಾಡಿರಲಿ ಎಂದು ಬೇಡಿಕೊಂಡೆ. ಸಾಲ ಮಾಡಬೇಡಿ ಎಂದು ಊರಿಗೆಲ್ಲ ಪಾಠ ಹೇಳಿದವಳು ನಾನು.

ರಾಮದುರ್ಗದಲ್ಲಿ ಇಳಿದಾಗ ಎರಡು ಗಂಟೆ. ಕೂಸುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಡುವ ದವಾಖಾನೆ ಎಂದಾಗ ಆಟೋದವನು ಒಂದು ಖಾಸಗಿ ದವಾಖಾನೆಯ ಮುಂದೆ ಬಿಟ್ಟ. ಹೊರಗಿನ ಕಟ್ಟೆಯ ಮೇಲೆ ಹುಡುಗಿಯ ತಾಯಿ ಕೂತಿದ್ದಳು. ಕುಬಸದಲ್ಲಿ ನೋಡಿದ್ದೆನಾದ್ದರಿಂದ ಗುರುತು ಹತ್ತಿತು. ನನ್ನನ್ನು ಕಂಡು ಎದ್ದು ನಿಂತಳು.

“ಹೆಣ್ಣ ಕೂಸ್ರಿ, ಅಕ್ಕೋರ. ಉಳದೈತ್ರಿ. ಕಾಚಿನ ಪೆಟಗಿಯಾಗ ಇಟ್ಟಾರ.”

“ಮತ್ತ ಆಕಿ?”

“ಅದಾಳ್ರಿ. ಭಾಳ ರಕ್ತ ಹೋತು. ಸಲೈನ್ ಹಚ್ಚ್ಯಾರ.”

ನಾನು ಅವಳ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತೆ. ಬೆಳಿಗ್ಗೆ ಎಷ್ಟು ಹೊತ್ತಿಗೆ ಒಳಗೆ ಹೋದಿರಿ ಎಂದು ಕೇಳಿದೆ. ಕೇಳಬಾರದಿತ್ತು.

“ಎಂಟಕ್ಕ ಬಂದಿದ್ವಿ. ಬಾ ಅನ್ನಲಿಲ್ಲ, ಬ್ಯಾಡನೂ ಅನ್ನಲಿಲ್ಲ ಯಾರೂ. ಕೈಯಾಗ ರೊಕ್ಕ ಇಲ್ದ ಒಳಗ ಹೆಂಗ ಹೋಗೂದಂತ ನಾವ ಇದ ಕಟ್ಟಿ ಮ್ಯಾಲ ಕುಂತ್ವಿ. ಅಕ್ಕೋರು ಬರಾಕ ಹತ್ತ್ಯಾರ ಅಂತ ಅಳಿಯ ಫೋನ್ ಮಾಡಿದ್ದ. ನಿಮ್ಮ ದಾರಿ ನೋಡಿದ್ವಿ.” ಅವಳ ದನಿಯಲ್ಲಿ ದೂರಿರಲಿಲ್ಲ, ನಡೆದದ್ದನ್ನು ಹೇಳುತ್ತಿದ್ದಳು. “ಹತ್ತರ ಮ್ಯಾಲ ಅಳಿಯ ಬಂದವನ, ಆಕಿ ಮಾರಿ ನೋಡಿ, ಗಾಡಿ ತಗೊಂಡ ಹೋಗಿ ಯಾರ ಹಂತೇಕೋ ಒತ್ತಿ ಇಟ್ಟು ರೊಕ್ಕ ತಂದ. ಆಮ್ಯಾಲ ಒಳಗ ಹೋದ್ವಿ.”

ಎರಡು ತಾಸಿನ ಮೇಲೆ. ಬೇನೆ ತಿನ್ನುತ್ತಾ, ನನ್ನ ಹೆಸರು ಹೇಳಿಕೊಂಡು, ಇದೇ ಕಲ್ಲಿನ ಮೇಲೆ. ಆ ಹೊತ್ತಿಗೆ ನಾನು ಬೈಲಹೊಂಗಲದಲ್ಲಿ ಕಡಲೆಕಾಯಿಯವನ ಕಣ್ಣು ತಪ್ಪಿಸಿ ಪೆಟ್ಟಿಗೆ ತೆರೆಯುತ್ತಿದ್ದೆ. ನನಗೆ ನಾಚಿಕೆಯಾಯಿತು. ಅದಕ್ಕಿಂತ ದೊಡ್ಡ ಮಾತು ಹುಡುಕಿದರೂ ಸಿಗುವುದಿಲ್ಲ.

ಒಳಗೆ ಹುಡುಗಿ ಗೋಡೆಯ ಪಕ್ಕದ ಮಂಚದಲ್ಲಿದ್ದಳು. ತುಟಿ ಬಿಳಿಚಿತ್ತು. ಗಂಡ ಕಾಲ ಹತ್ತಿರ ನಿಂತಿದ್ದ, ಅಂಗಿಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ನಾನು ಗಂಟು ತೆಗೆದು ಅವಳ ಅಂಗೈಯ ಮೇಲೆ ಇಟ್ಟೆ. ಅಲ್ಲಿಯವರೆಗೂ ನನ್ನ ತಲೆಯಲ್ಲಿ ಒಂದೇ ಹಟ, ಆಕೆಯ ಕೈಗೇ.

ಆ ಕೈಯಲ್ಲಿ ಸಲೈನಿನ ಸೂಜಿ ಇತ್ತು, ಮೇಲೆ ಪಟ್ಟಿ. ಬೆರಳು ಮಡಚಲು ನೋಡಿದಳು, ಆಗಲಿಲ್ಲ. ಗಂಟು ಜಾರಿ ಹಾಸಿಗೆಯ ಮೇಲೆ ಬಿತ್ತು.

“ಹಿಡಿಯಾಕ ಆಗವಲ್ದ್ರಿ, ಅಕ್ಕೋರ,” ಎಂದಳು. “ಅವರ ಕೈಯಾಗ ಕೊಡ್ರಿ.”

ಗಂಟನ್ನು ಎತ್ತಿಕೊಂಡು ಅವನ ಕಡೆ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ. ಮೊದಲು ಎರಡೂ ಕೈಗಳನ್ನು ಅಂಗಿಗೆ ಒರೆಸಿಕೊಂಡ, ಒಮ್ಮೆ ಹೆಂಡತಿಯನ್ನು ನೋಡಿದ, ಆಮೇಲೆ ನನ್ನನ್ನು. “ನಾ ತಗೋಬಹುದೇನ್ರಿ?” ಎಂದು ಕೇಳಿದ. ಅವನ ಮಾತಿನಲ್ಲಿ ಚುಚ್ಚು ಇರಲಿಲ್ಲ, ನಿಜವಾಗಿಯೇ ಕೇಳುತ್ತಿದ್ದ.